ಮೂರನೆಯ ಪಿನ್ನಿಗೆ ಸ್ಪ್ರಿಂಗಿಲ್ಲ

ಜೂನ್ 4

ಅತ್ತಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಮುಖ್ಯ ಸುದ್ದಿ: ನಿಮ್ಮ ಹಿತ್ತಾಳೆ ಬೀಗ ಕೊನೆಗೂ ಬಾಯಿ ಬಿಟ್ಟಿತು. ಸೋಮವಾರ ನಮ್ಮ ಈಜುಕೊಳಕ್ಕೆ ರಜೆ, ನೀರು ಬದಲಿಸುವ ದಿನ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಒಬ್ಬಳೇ ಕೂತು, ಎಡಗೈಯಲ್ಲಿ ಬಾಗಿಸಿದ ತಗಡಿನ ಪಟ್ಟಿಯನ್ನು ಬೀಗದ ಕಂಡಿಯಲ್ಲಿ ಒತ್ತಿ ಹಿಡಿದು, ನೀವು ಕೊಟ್ಟ, ಹಲ್ಲು ನೋಡುವ ಹಳೆಯ ಕೊಕ್ಕೆಯಿಂದ ಒಳಗಿನ ಒಂದೊಂದೇ ಪಿನ್ನನ್ನು ಎತ್ತುತ್ತಾ ಹೋದೆ. ನಾಲ್ಕನೆಯದು ಕೂತೆ ಎಂದು ಹೇಳಿ ಕೂರದೆ ಸತಾಯಿಸಿತು. ಆಮೇಲೆ ಕಟಕ್ಕೆಂದಿತು. ಸೋತರೆ ಒಡೆಯಲೆಂದು ನೀವು ಬೀಗದ ಕೈ ಇಟ್ಟಿದ್ದ ಲಕೋಟೆಯನ್ನು ಒಡೆಯದೆ ಹಾಗೇ ವಾಪಸು ಕಳಿಸಿದ್ದೇನೆ. ಅಂಟು ಎದ್ದಿದೆಯಾ ಎಂದು ಬೇಕಾದರೆ ಭೂತಗನ್ನಡಿ ಹಿಡಿದು ನೋಡಿಕೊಳ್ಳಿ.

ಜೊತೆಗೆ ನನ್ನ ಬೀಗವೂ ಇದೆ. ಸಿಲಿಂಡರನ್ನು ಹೊರಗೆಳೆದು, ಐದೂ ಕುಳಿಗಳ ಪಿನ್ ಬದಲಿಸಿ, ಹೊಸ ಬೀಗದ ಕೈ ಉಜ್ಜಿ ಮಾಡಿದ್ದೇನೆ. ನಿಮ್ಮ ಸರದಿ. ನಮ್ಮ ಒಪ್ಪಂದ ನೆನಪಿರಲಿ, ಫೋನಿನಲ್ಲಿ ಬೀಗದ ಮಾತಿಲ್ಲ. ನೀವು ದನಿಯಲ್ಲೇ ಸುಳಿವು ಹಿಡಿದುಬಿಡುತ್ತೀರಿ. "ಬೇರೆ ಮನೇಲಿ ಅತ್ತಿಗೆ ನಾದಿನಿ ಜಗಳ ಆಡ್ತಾರೆ, ನೀವು ಪೋಸ್ಟಲ್ಲಿ ಬೀಗ ಆಡ್ತೀರಿ" ಎಂದು ನನ್ನ ಮಗಳು, ನಿಮ್ಮ ಪಟಾಕಿ, ನಗುತ್ತಾಳೆ. ನಗಲಿ. ಮೊನ್ನೆ ಕೊಳದಲ್ಲಿ ನಾನು ಲಾಕರ್ ಡ್ಯೂಟಿಯಲ್ಲಿದ್ದಾಗ ಒಬ್ಬ ಮಹಾನುಭಾವ ಬೀಗದ ಕೈಯನ್ನು ಲಾಕರಿನ ಒಳಗೇ ಇಟ್ಟು ಬೀಗ ಒತ್ತಿ, ಒದ್ದೆ ಚಡ್ಡಿಯಲ್ಲಿ ನನ್ನ ಮುಂದೆ ನಿಂತಿದ್ದ. ಬೀಗ ತುಂಡರಿಸಲು ಕತ್ತರಿ ತರಲೇ ಎಂದರೆ ಬೇಡ, ದುಬಾರಿ ಬೀಗ ಎಂದ. ಅವನು ಟವೆಲ್ ಸುತ್ತಿಕೊಳ್ಳುವುದರೊಳಗೆ ತೆಗೆದುಕೊಟ್ಟೆ. ಥ್ಯಾಂಕ್ಸ್ ಹೇಳುವುದು ಬಿಟ್ಟು ನನ್ನನ್ನು ಕಳ್ಳಿಯ ಹಾಗೆ ನೋಡಿಕೊಂಡು ಹೋದ.

ಇನ್ನೊಂದು ವಿಷಯ. ಪಟಾಕಿಯ ಕೊನೆಯ ದವಡೆ ಹಲ್ಲು ಅಡ್ಡಡ್ಡ ಬೆಳೆದು ಕೆನ್ನೆ ಊದಿದೆ. ಕೀಳಿಸಲೇಬೇಕಂತೆ. ಹಲ್ಲಿನ ಡಾಕ್ಟರಾಗಿ ನೀವಿರುವಾಗ ಇಲ್ಲಿನ ಡಾಕ್ಟರ ಹತ್ತಿರ ಹೋಗಲು ತಯಾರಿಲ್ಲ. "ನನ್ನ ಬಾಯಿಗೆ ಅತ್ತೆ ಬಿಟ್ರೆ ಬೇರೆ ಯಾರೂ ಕೈ ಹಾಕಬಾರ್ದು" ಎಂದು ಹಠ. ಚಿಕ್ಕವಳಿದ್ದಾಗ ಒಬ್ಬ ಪುಣ್ಯಾತ್ಮ ವಸಡು ಮರಗಟ್ಟುವ ಮುಂಚೆಯೇ ಇಕ್ಕಳ ಹಾಕಿದ್ದನಲ್ಲ, ಆ ಭಯ ಇನ್ನೂ ಹೋಗಿಲ್ಲ. ಯಾವಾಗ ಕರೆತರಲಿ ಹೇಳಿ.

ನಿಮ್ಮ ನಾದಿನಿ

ಜೂನ್ 20

ನಾದಿನಿ ಮಹಾರಾಣಿಗೆ,

ಈ ಸಲ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ನನ್ನ ಕೈಬರಹ ಔಷಧಿ ಅಂಗಡಿಯವರಿಗೆ ಮಾತ್ರ ಅರ್ಥವಾಗುತ್ತದೆ ಎಂದು ನೀನೇ ಹಂಗಿಸುತ್ತಿದ್ದೆ. ಈಗ ಸಂತೋಷವಾಗಿರಬೇಕು.

ನಿನ್ನ ಬೀಗ ಇನ್ನೂ ತೆಗೆಯಲಾಗಿಲ್ಲ. ಪಟ್ಟಿ ಒತ್ತಿ ಹಿಡಿದರೆ ಕೊಕ್ಕೆ ಜಾರುತ್ತದೆ, ಕೊಕ್ಕೆ ನಿಂತರೆ ಪಟ್ಟಿ ಸಡಿಲವಾಗುತ್ತದೆ. ಇಲ್ಲಿನ ದೀಪ ಸರಿಯಿಲ್ಲ. ಹೊಸ ದೀಪ ಹಾಕಿಸಿದೆ, ಅದೂ ಸರಿಯಿಲ್ಲ. ಚಿಮಟವೂ ಸವೆದಿರಬೇಕು. ನಿನಗೊಂದು ಬೀಗ ಜೋಡಿಸೋಣವೆಂದು ಪಿನ್ ಹಿಡಿದರೆ ಚಿಮ್ಮಿ ಎಲ್ಲಿಗೋ ಹೋಗುತ್ತದೆ. ನಿನ್ನೆ ಮಧ್ಯಾಹ್ನವೆಲ್ಲ ರೋಗಿಗಳ ಕುರ್ಚಿಯ ಕೆಳಗೆ ಮಂಡಿಯೂರಿ ಪಿನ್ ಹುಡುಕಿದ್ದೇ ಆಯಿತು. ನಿಮ್ಮಣ್ಣ ಮೇಲಿನ ಮನೆಯಿಂದ ಇಳಿದು ಬಂದು "ಏನ್ ಕಳ್ಕೊಂಡೆ?" ಎಂದರು. "ಏನೂ ಇಲ್ಲ" ಎಂದೆ. ಅವರಿಗೆ ಈಚೆಗೆ ಸಣ್ಣ ಸದ್ದೂ ಕೇಳಿಸುತ್ತದೆ. ನನ್ನ ಕಾಫಿ ಕಪ್ ಸಾಸರಿಗೆ ತಾಗಿ ಟಣಟಣ ಎಂದರೆ ಪೇಪರಿನಿಂದ ತಲೆ ಎತ್ತಿ ನೋಡುತ್ತಾರೆ. ಅದಕ್ಕೇ ಸಾಸರ್ ಇಟ್ಟುಕೊಳ್ಳುವುದನ್ನೇ ಬಿಟ್ಟೆ.

ನನ್ನ ಕಡೆಯಿಂದ ಒಂದು ಬೀಗ ಕಳಿಸಿದ್ದೇನೆ. ಪಿನ್ ತುಂಬಿದ್ದು ಅವಸರದಲ್ಲಿ, ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೋ.

ಪಟಾಕಿಯ ಹಲ್ಲಿಗೆ ಅವಸರ ಬೇಡ. ಮೊದಲು ಊತ ಇಳಿಯಲಿ. ಮಾತ್ರೆ ಹೆಸರು ಬೇರೆ ಚೀಟಿಯಲ್ಲಿದೆ, ಊಟವಾದ ಮೇಲೆ ತೆಗೆದುಕೊಳ್ಳಲಿ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲಿ. ನಿಮ್ಮೂರಿನಲ್ಲೂ ಒಳ್ಳೆಯ ಡಾಕ್ಟರುಗಳಿದ್ದಾರೆ, ಸುಮ್ಮನೆ ನನ್ನನ್ನು ಅಟ್ಟಕ್ಕೇರಿಸಬೇಡಿ.

ಅತ್ತಿಗೆ

ಜುಲೈ 1

ಅತ್ತಿಗೆ,

ಅವಸರದಲ್ಲಿ ತುಂಬಿದ್ದಂತೆ. ಯಾರಿಗೆ ಹೇಳುತ್ತೀರಿ? ನಿಮ್ಮ ಬೀಗ ನನ್ನ ತಲೆಗೆ ಹುಳ ಬಿಟ್ಟುಬಿಟ್ಟಿತು. ಮೊದಲನೆಯದು, ಎರಡನೆಯದು ಮರ್ಯಾದಸ್ಥ ಪಿನ್ನುಗಳು, ಎತ್ತಿದರೆ ಸ್ಪ್ರಿಂಗ್ ಕೆಳಕ್ಕೆ ಒತ್ತುತ್ತದೆ. ಮೂರನೆಯದು ಎತ್ತಿದರೂ ಇಲ್ಲ, ಬಿಟ್ಟರೂ ಇಲ್ಲ. ಸತ್ತಂತೆ ಬಿದ್ದಿರುತ್ತದೆ. ಕೈಗೆ ಏನೂ ಹೇಳುವುದಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಕೊಳದ ಕಟ್ಟೆಯ ಮೇಲೆ, ಎಲ್ಲಿ ಹೋದರೂ ಜೇಬಿನಲ್ಲಿ ಅದೇ ಬೀಗ. ಕೂತಲ್ಲಿ ಕೂರಲಾಗದೆ ಒದ್ದಾಡಿದೆ. ಕೊನೆಗೆ ಸಿಟ್ಟಿನಲ್ಲಿ ತಲೆಕೆಳಗು ಮಾಡಿ ಹಿಡಿದೆ ನೋಡಿ, ಆ ಪಿನ್ ತಾನಾಗಿ ದಾರಿ ಬಿಟ್ಟು ಕುಳಿಯೊಳಕ್ಕೆ ಜಾರಿತು. ಉಳಿದವು ಸರಸರ ಕೂತವು.

ಬಿಚ್ಚಿ ನೋಡಿದರೆ ಮೂರನೆಯ ಕುಳಿಗೆ ನೀವು ಸ್ಪ್ರಿಂಗನ್ನೇ ಹಾಕಿಲ್ಲ. ಎಂಥ ಖದೀಮ ಕೆಲಸ. ಎಲ್ಲರೂ ಬೀಗ ಕಷ್ಟವಾಗಲಿ ಎಂದು ಏನಾದರೂ ಸೇರಿಸುತ್ತಾರೆ. ತೆಗೆದುಹಾಕಿ ಕಷ್ಟ ಮಾಡಬೇಕೆಂಬ ಉಪಾಯ ಯಾರಿಗೆ ಹೊಳೆಯುತ್ತದೆ? ಇಷ್ಟು ವರ್ಷದ ನಮ್ಮ ಆಟದಲ್ಲಿ ಇದಕ್ಕಿಂತ ಚೆನ್ನಾದದ್ದನ್ನು ನಾನು ನೋಡಿಲ್ಲ. ಆಟ ಕಲಿಸಿದವಳು ನಾನೇ, ಈಗ ನೀವು ನನ್ನ ಕಿವಿ ಹಿಂಡುತ್ತೀರಿ.

ಒಂದು ಬೇಜಾರು. ಟೈಪ್ ಮಾಡಿದ ಪತ್ರ ನೋಡಿದರೆ ನೀರಿನ ಬಿಲ್ ಬಂದ ಹಾಗಾಗುತ್ತದೆ. ಕೋಳಿ ಕೆದಕಿದಂತಿದ್ದರೂ ನಿಮ್ಮ ಕೈಬರಹವೇ ನನಗಿಷ್ಟ. ಇನ್ನು ಅಣ್ಣನ ಸಿಡುಕು ಇವತ್ತಿನದಲ್ಲ, ಹುಟ್ಟಿನಿಂದ ಬಂದದ್ದು. ಸಾಸರ್ ಸದ್ದಿಗೂ ಮುಖ ಗಂಟಿಕ್ಕುತ್ತಾನೆಂದರೆ ನಾನೇ ಫೋನ್ ಮಾಡಿ ಬೈಯಲೇ?

ಊತ ಇಳಿದಿದೆ, ನೋವು ಇಳಿದಿಲ್ಲ. ಪಟಾಕಿ ಒಂದೇ ಕಡೆ ಅಗಿದು ಅಗಿದು ಸೊರಗಿದ್ದಾಳೆ. ಬೇರೆಯವರ ಹತ್ತಿರ ಹೋಗು ಎಂದು ನೀವು ಬರೆದದ್ದನ್ನು ಅವಳಿಗೆ ತೋರಿಸಿಲ್ಲ. ಸ್ಪ್ರಿಂಗಿಲ್ಲದ ಪಿನ್ನನ್ನು ಸಿಲಿಂಡರಿನಲ್ಲಿ ನಿಲ್ಲಿಸಿದ ಕೈ ಅದು. ಆ ಕೈ ಇರುವಾಗ ನನ್ನ ಮಗಳ ಬಾಯಿಯನ್ನು ಬೇರೆಯವರಿಗೆ ಯಾಕೆ ಕೊಡಲಿ?

ನಿಮ್ಮ ನಾದಿನಿ

ಜುಲೈ 12

ಪ್ರೀತಿಯ ನಾದಿನಿ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹೌದು, ಮೂರನೆಯ ಕುಳಿ ಹಾಗಿರಲಿ ಎಂದೇ ಮಾಡಿದ್ದು. ಸ್ಪ್ರಿಂಗ್ ಚಿಮಟದಲ್ಲೇ ಇತ್ತು, ಬೇಡ ಎನ್ನಿಸಿತು, ಬಿಟ್ಟೆ. ನಿನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಇದರ ಜೊತೆ ಇನ್ನೊಂದು ಕಳಿಸಿದ್ದೇನೆ. ಇದರ ಮೇಲೆ ಬಹಳ ಹೊತ್ತು ಕೂತಿದ್ದೇನೆ. ಕೂತಿದ್ದೇನೆ ಎಂದರೆ ಪೂರಾ ನಿಜವಲ್ಲ, ಎದ್ದು ಕಿಟಕಿಯವರೆಗೆ ಹೋಗುತ್ತೇನೆ, ಬೀದಿ ನೋಡುತ್ತೇನೆ, ಬಂದು ಒಂದು ಪಿನ್ ಇಡುತ್ತೇನೆ, ಮತ್ತೆ ಏಳುತ್ತೇನೆ. ಎದುರಿನ ಟೈಲರ್ ಅಂಗಡಿಯವನು "ಡಾಕ್ಟ್ರೇ, ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದು ಕೇಳಿದ. ಇಲ್ಲ ಎಂದೆ. ಕ್ಲಿನಿಕ್ಕಿನಲ್ಲಿ ಈಗ ಜನ ಕಡಿಮೆ. ಇಲ್ಲಿ ಸುತ್ತಮುತ್ತ ಹೊಸ ಹೊಸ ದಂತ ಆಸ್ಪತ್ರೆಗಳಾಗಿವೆ.

ಪಟಾಕಿಯನ್ನು ಆಗಸ್ಟ್ ಎರಡಕ್ಕೆ ಕಳಿಸು. ನಾನೇ ತೆಗೆಯುತ್ತೇನೆ. ಅಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ, ದೀಪ ಗೀಪ ಎಲ್ಲ. ನಿಮ್ಮಣ್ಣನಿಗೆ ಫೋನ್ ಮಾಡಿ ಬೈಯುವ ಉಪಕಾರ ಮಾತ್ರ ಮಾಡಬೇಡ. ಕ್ಲಿನಿಕ್ಕಿನ ವಿಚಾರವನ್ನೂ ಎತ್ತಬೇಡ.

ಅತ್ತಿಗೆ

ಜುಲೈ 21

ಅತ್ತಿಗೆ,

ನೀವು ಬೇಡ ಎಂದಿರಿ, ನಾನು ಫೋನ್ ಮಾಡಲಿಲ್ಲ. ಅಣ್ಣನೇ ಮಾಡಿದ. ಸುತ್ತಿ ಬಳಸಿ ಕೇಳಿದ್ದು ಒಂದೇ. "ನಿನ್ನತ್ತಿಗೆ ನಿಂಗೇನಾದ್ರೂ ಬರ್ದಿದ್ದಾಳಾ? ಬೆಳಿಗ್ಗೆ ಕ್ಲಿನಿಕ್ಕಿಗೆ ಇಳಿದ್ರೆ ಸಂಜೆವರೆಗೂ ಮೇಲೆ ಬರಲ್ಲ. ರೋಗಿಗಳು ಮಾತ್ರ ಯಾರೂ ಕಾಣ್ಸಲ್ಲ. ಕೇಳಿದ್ರೆ ರೇಗ್ತಾಳೆ" ಎಂದ. ನನಗೇನೂ ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ.

ಆಮೇಲೆ ನಿಮ್ಮ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಒಂದರಲ್ಲಿ ಊತ ಇಳಿಯಲಿ, ಬೇರೆ ಡಾಕ್ಟರಿದ್ದಾರೆ, ಇನ್ನೊಂದರಲ್ಲಿ ಕಳಿಸು. ಕರೆಯುವವರು ಹೀಗೆ ಕರೆಯುವುದಿಲ್ಲ ಅತ್ತಿಗೆ. ಅಣ್ಣನ ಮೇಲಿನ ಕೋಪವೋ, ಅವನ ಕಡೆಯವರೆಲ್ಲ ಬಂದು ಕೂರುವುದು ಸಾಕಾಯಿತೋ, ನನಗೆ ತಿಳಿಯದು. ನಾವು ಭಾರ ಅನ್ನಿಸಿದರೆ ನೇರವಾಗಿ ಹೇಳಿ. ಪಟಾಕಿಗೆ ಇಲ್ಲೇ ಯಾರನ್ನಾದರೂ ನೋಡುತ್ತೇನೆ. ಅಳುತ್ತಾಳೆ, ಅಳಲಿ.

ನಿಮ್ಮ ಹೊಸ ಬೀಗ ಬಂದಿದೆ. ಕೈಗೆತ್ತಿಕೊಳ್ಳಲು ಮನಸ್ಸಾಗಿಲ್ಲ.

ನಾದಿನಿ

ಜುಲೈ 26

ನಾದಿನಿ,

ಭಾರವಂತೆ. ಪಟಾಕಿಯ ಹಾಲುಹಲ್ಲು ಕಿತ್ತವಳು ನಾನು. ಇಷ್ಟು ಸುಲಭವಾಗಿ ಆ ಮಾತು ಬರೆಯಲು ನಿನಗೆ ಹೇಗೆ ಮನಸ್ಸು ಬಂತು?

ನಾನು ತೆಗೆಯುತ್ತೇನೆ ಎಂದಮೇಲೆ ತೆಗೆಯುತ್ತೇನೆ. ಎರಡನೇ ತಾರೀಕು ಬೆಳಿಗ್ಗೆ. ಕಳಿಸು ಅವಳನ್ನು.

ಅತ್ತಿಗೆ

ಆಗಸ್ಟ್ 1

ಅತ್ತಿಗೆ,

ಈ ಪತ್ರವನ್ನು ಪಟಾಕಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಮನೆ ಬಾಗಿಲಲ್ಲೇ ನಿಮ್ಮ ಕೈಗೆ ಕೊಡು ಎಂದು ಹೇಳಿದ್ದೇನೆ. ಒಳಗೇನಿದೆ ಎಂದು ಅವಳಿಗೆ ಗೊತ್ತಿಲ್ಲ. ಇನ್ನೇನು ಬಸ್ ಹೊರಡುತ್ತದೆ, ಅದಕ್ಕೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ.

ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ಆ ನಾಚಿಕೆಗೇ ನಿನ್ನೆ ನಿಮ್ಮ ಹೊಸ ಬೀಗ ತೆಗೆದುಕೊಂಡು ಕೂತೆ. ಒಂದು ಪಿನ್ನೂ ಅಲುಗಲಿಲ್ಲ. ಸೋತೆ ಎಂದು ಒಪ್ಪಿಕೊಂಡು ಲಕೋಟೆ ಒಡೆದು ನಿಮ್ಮ ಬೀಗದ ಕೈ ಹಾಕಿದೆ. ಅದು ಅರ್ಧಕ್ಕೇ ನಿಂತಿತು. ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ. ಕೊಳದ ಪಂಪ್ ರೂಮಿಗೆ ಒಯ್ದು, ಗ್ರೈಂಡರಿನಲ್ಲಿ ಒಂದು ಬದಿಯ ಹಿತ್ತಾಳೆಯನ್ನು ತೇಯ್ದು ತೇಯ್ದು ಒಳಗಿನ ಸಾಲು ಕಾಣುವಂತೆ ಮಾಡಿದೆ. ಬೀಗವನ್ನು ಹಾಗೆ ಸೀಳಿದ್ದು ನನ್ನ ಜೀವಮಾನದಲ್ಲೇ ಮೊದಲು.

ಎರಡನೆಯ ಕುಳಿಯಲ್ಲಿ ಎರಡು ಸ್ಪ್ರಿಂಗ್, ಒಂದರ ಮೇಲೊಂದು ಜಜ್ಜಿಹೋಗಿವೆ. ನಾಲ್ಕನೆಯ ಪಿನ್ ಚೂಪು ಮೇಲಾಗಿ ಕೂತಿದೆ. ಒಂದೊಂದು ಪಿನ್ನಿನ ಮೈಮೇಲೂ ಗೀರು. ಚಿಮಟ ಹಿಡಿದು, ಜಾರಿ, ಮತ್ತೆ ಹಿಡಿದು, ಮತ್ತೆ ಜಾರಿದ ಗೀರು. ಚಿಮಟ ಸವೆದಿದ್ದರೆ ಗೀರು ಒಂದೇ ಕಡೆ ಬೀಳುತ್ತದೆ, ಇವು ಸುತ್ತಲೂ ಇವೆ.

ಇದು ಆಟವಲ್ಲ ಅತ್ತಿಗೆ. ನಿಮ್ಮ ಕೈ ನಡುಗುತ್ತಿದೆ. ಹೋದ ಸಲದ ಬೀಗದ ಮೂರನೆಯ ಸ್ಪ್ರಿಂಗ್ ನೀವು ಬಿಟ್ಟದ್ದಲ್ಲ, ಬಿದ್ದುಹೋದದ್ದು. ಅದನ್ನು ನಾನು ಹಾಡಿ ಹೊಗಳಿದೆ. ಟೈಪ್ ಮಾಡಿದ ಪತ್ರಕ್ಕೆ ಗೇಲಿ ಮಾಡಿದೆ. ಸಾಸರಿನ ಸದ್ದಿಗೆ ಅಣ್ಣನನ್ನು ಬೈಯಲು ಹೊರಟಿದ್ದೆ. ನನಗೆ ಅಳು ಬರುತ್ತಿದೆ.

ಫೋನ್ ಕೈಗೆತ್ತಿಕೊಂಡೆ, ಇಟ್ಟೆ. ಅಣ್ಣನಿಗೆ ಹೇಳಿದರೆ ನಿಮ್ಮ ಬೆನ್ನ ಹಿಂದೆ ಹೇಳಿದಂತೆ. ನಿಮಗೇ ಹೇಳಿದರೆ ಏನೋ ಒಂದು ಹೇಳಿ ಇಟ್ಟುಬಿಡುತ್ತೀರಿ. ಅವಳು ಎದುರಿಗಿದ್ದರೆ ನೀವು ನುಣುಚಿಕೊಳ್ಳಲಾರಿರಿ, ಅದಕ್ಕೇ ಅವಳನ್ನು ತಡೆಯದೆ ಕಳಿಸುತ್ತಿದ್ದೇನೆ. ಅವಳ ಹಲ್ಲು ನೀವು ಮುಟ್ಟಬೇಡಿ. ಕೈ ಮುಗಿದು ಕೇಳುತ್ತೇನೆ. ಯಾರ ಹತ್ತಿರವಾದರೂ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಂತಿರಿ, ಅವಳಿಗೆ ಅಷ್ಟು ಸಾಕು. ಅಣ್ಣನಿಗೆ ನೀವೇ ಹೇಳಿ.

ನಿಮ್ಮ ನಾದಿನಿ

ಆಗಸ್ಟ್ 5

ಪ್ರೀತಿಯ ನಾದಿನಿಗೆ,

ಕೈಯಲ್ಲೇ ಬರೆಯುತ್ತಿದ್ದೇನೆ. ಓದಲಾಗದ ಕಡೆ ನಿಲ್ಲಿಸಿ ಉಸಿರು ತೆಗೆದುಕೋ. ನಾನೂ ಹಾಗೇ ಬರೆಯುತ್ತಿದ್ದೇನೆ.

ನೀನು ಬಾಗಿಲಲ್ಲೇ ಕೊಡು ಎಂದು ಹೇಳಿ ಕಳಿಸಿದ್ದ ಪತ್ರ ನನ್ನ ಕೈಗೆ ಬಂದದ್ದು ಮೂರನೇ ತಾರೀಕು ಸಂಜೆ. ನಿನ್ನ ಮಗಳು ಹೆದರಿಕೆಯಲ್ಲಿ ಮರೆತೇಬಿಟ್ಟಿದ್ದಳು. ಬ್ಯಾಗಿನಲ್ಲಿ ಒಗೆಯುವ ಬಟ್ಟೆ ತೆಗೆಯುವಾಗ ಸಿಕ್ಕಿತು.

ಅಂದರೆ ಎರಡನೇ ತಾರೀಕು ಬೆಳಿಗ್ಗೆ ನನಗೆ ನಿನ್ನ ಮಾತು ಯಾವುದೂ ಗೊತ್ತಿರಲಿಲ್ಲ. ಆದದ್ದನ್ನು ಆದ ಹಾಗೇ ಹೇಳುತ್ತೇನೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಕೊರಳಿಗೆ ಬಟ್ಟೆ ಕಟ್ಟುವಾಗ ಗಂಟು ಬೀಳಲಿಲ್ಲ, ಅವಳೇ ಕೈ ಹಿಂದೆ ಹಾಕಿ ಕಟ್ಟಿಕೊಂಡಳು. ಸಿರಿಂಜಿಗೆ ಔಷಧಿ ತುಂಬಿದೆ. ಮೇ ತಿಂಗಳಿಂದ ನಾನು ಒಂದು ಹಲ್ಲನ್ನೂ ಕಿತ್ತಿಲ್ಲ, ಬಂದವರಿಗೆಲ್ಲ ಮಾತ್ರೆ ಬರೆದು ಬೇರೆ ಕಡೆ ಕಳಿಸುತ್ತಿದ್ದೆ. ಇಡೀ ದಿನ ಕ್ಲಿನಿಕ್ಕಿನಲ್ಲಿ ಕೂತು ಬೀಗ ಬಿಚ್ಚುವುದು, ಜೋಡಿಸುವುದು. ಐದೂ ಪಿನ್ ಸರಿಯಾಗಿ ಕೂತ ದಿನ ಮತ್ತೆ ಕೆಲಸ ಶುರು ಮಾಡುತ್ತೇನೆ ಎಂದು ನನಗೆ ನಾನೇ ಇಟ್ಟುಕೊಂಡ ಪರೀಕ್ಷೆ ಅದು. ಫೇಲಾದ ಉತ್ತರ ಪತ್ರಿಕೆಗಳನ್ನು ನಿನಗೆ ಕಳಿಸುತ್ತಿದ್ದೆ. ನೀನು ನೂರಕ್ಕೆ ನೂರು ಹಾಕಿ ವಾಪಸು ಕಳಿಸಿದೆ. ಬೇಕೆಂದೇ ಮಾಡಿದ್ದು ಎಂದು ನಿನಗೆ ಬರೆಯುತ್ತಾ ಬರೆಯುತ್ತಾ ನಾನೂ ನಂಬಿಬಿಟ್ಟೆ.

ಅವಳು ಬಾಯಿ ತೆರೆದು ಕಣ್ಣು ಮುಚ್ಚಿಕೊಂಡಳು. ಸೂಜಿ ಹಾಕುವಾಗ ನಮ್ಮ ಉಂಗುರ ಬೆರಳು ರೋಗಿಯ ಗಲ್ಲಕ್ಕೆ ಊರಿರಬೇಕು, ಕೈ ನಿಲ್ಲಲಿ ಎಂದು. ಊರಿದೆ. ಕೈ ನಿಲ್ಲಲಿಲ್ಲ. ಅವಳ ಗಲ್ಲವೂ ಅದರ ಜೊತೆ ಅಲುಗಲು ಶುರುವಾಯಿತು. ಹಲ್ಲಿಗೆ ಹಲ್ಲು ತಾಗಿ ಸಣ್ಣಗೆ ಕಟಕಟ ಎಂದಿತು. ಅವಳು ಕಣ್ಣು ಬಿಟ್ಟು ನೋಡಿ, "ಅತ್ತೆ, ನಿಮಗೂ ಭಯ ಆಗ್ತಿದ್ಯಾ?" ಎಂದಳು.

"ಹೌದು ಕಣೇ" ಎಂದೆ.

ಸಿರಿಂಜನ್ನು ತಟ್ಟೆಯಲ್ಲಿಟ್ಟೆ. ರೋಗಿಗಳ ಜೊತೆ ಬಂದವರು ಕೂರುವ ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ನಾನು ಅದರ ಮೇಲೆ ಕೂತದ್ದೇ ಇಲ್ಲ, ಎಷ್ಟು ಕುಳ್ಳಗಿದೆ ಅದು. ಕೈ ನಡುಗುತ್ತದೆ, ವರ್ಷದಿಂದ ನಡುಗುತ್ತಿದೆ, ಯಾರಿಗೂ ಹೇಳಿಲ್ಲ, ಡಾಕ್ಟರಿಗೂ ತೋರಿಸಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ಕೊರಳಿನ ಬಟ್ಟೆ ಬಿಚ್ಚಲೂ ಇಲ್ಲ, ಹಾಗೇ ಮೆಟ್ಟಿಲು ಹತ್ತಿ ಹೋಗಿ "ಮಾವಾ, ಕೆಳಗೆ ಬನ್ನಿ" ಎಂದು ಕೂಗಿದಳು.

ನಿಮ್ಮಣ್ಣ ಕೇಳಿಸಿಕೊಂಡರು. ಸಮಾಧಾನ ಹೇಳುತ್ತಾರೆಂದು ಕಾದರೆ ಎಂದೂ ಬರದಷ್ಟು ಕೋಪ ಬಂತು ಅವರಿಗೆ. "ಬೀದಿಯವರ ಹಾಗೆ ಮನೇಲಿಟ್ಕೊಂಡಿದ್ಯಲ್ಲ ನನ್ನ" ಎಂದರು. ಆದರೂ ನಮ್ಮಿಬ್ಬರನ್ನೂ ಅವರೇ ಕರೆದುಕೊಂಡು ಹೋದರು. ಹಿಂದೆ ನನ್ನ ಹತ್ತಿರ ಕೆಲಸ ಕಲಿತ ಹುಡುಗಿಯೊಬ್ಬಳು ಪಕ್ಕದ ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟಿದ್ದಾಳೆ, ಅವಳೇ ತೆಗೆದಳು. ಚೆನ್ನಾಗಿ ತೆಗೆದಳು. ನಾನು ಪಟಾಕಿಯ ತಲೆಯ ಹತ್ತಿರ ನಿಂತಿದ್ದೆ. ಈಗ ಮನೆಯಲ್ಲಿ ನೋಡಬೇಕು ನೀನು, ಕೆನ್ನೆ ಊದಿರುವ ನಿನ್ನ ಮಗಳಿಗೆ ಮಾತಾಡಲಾಗುವುದಿಲ್ಲ, ನಿಮ್ಮಣ್ಣ ಮಾತಾಡುವುದಿಲ್ಲ, ಇಬ್ಬರಿಗೂ ನಾನೇ ಗಂಜಿ ಬಡಿಸುತ್ತೇನೆ. ಅರ್ಧ ತಟ್ಟೆಗೆ, ಅರ್ಧ ಮೇಜಿಗೆ.

ಇನ್ನೊಂದಿದೆ. ಹೇಳದೆ ಬಿಡಬಹುದಿತ್ತು, ಬಿಡುವುದಿಲ್ಲ. ನಿನ್ನ ಪತ್ರ ಓದಿದಾಗ ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು. ಇವಳು ಯಾರು ನನ್ನ ಕೈ ಬಗ್ಗೆ ಹೇಳುವುದಕ್ಕೆ ಎಂದು. ಪತ್ರವನ್ನು ಅವಳು ಬಾಗಿಲಲ್ಲೇ ಕೊಟ್ಟಿದ್ದರೆ ನಾನು ಹಠಕ್ಕೆ ಬೀಳುತ್ತಿದ್ದೆ ನಾದಿನಿ. ನಿನಗೆ ತೋರಿಸಬೇಕೆಂದೇ ಅವಳ ಬಾಯಿಗೆ ಕೈ ಹಾಕಿ ಕಿತ್ತೇಬಿಡುತ್ತಿದ್ದೆ. ನನ್ನನ್ನು ನನಗೆ ಗೊತ್ತು.

ನರರೋಗದ ಡಾಕ್ಟರು ಸೋಮವಾರ ಬರಹೇಳಿದ್ದಾರೆ. ನಿಮ್ಮಣ್ಣ ಬರುತ್ತಾರೋ ಇಲ್ಲವೋ, ಕೇಳಲು ಧೈರ್ಯವಿಲ್ಲ.

ಅತ್ತಿಗೆ

ಆಗಸ್ಟ್ 8

ಅತ್ತಿಗೆ,

ನಿಮ್ಮ ಪತ್ರ ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಅಕ್ಷರದಿಂದಲ್ಲ.

ಕೊನೆಯಲ್ಲಿ ಬರೆದಿದ್ದೀರಲ್ಲ, ಕಿತ್ತೇಬಿಡುತ್ತಿದ್ದೆ ಎಂದು, ಅದನ್ನು ಓದಿ ಪತ್ರ ಮಡಚಿಟ್ಟು ಎದ್ದೆ. ನಿಮ್ಮ ಮೇಲೆ ಕೆಟ್ಟ ಕೋಪ ಬಂತು. ಕೊಳದ ಕಟ್ಟೆಯ ಸುತ್ತ ಸುಮ್ಮನೆ ಸುತ್ತಿದೆ, ಯಾರೋ ಲಾಕರ್ ಕೇಳಿದರೆ ಅವರ ಮೇಲೆ ಹಾರಾಡಿದೆ. ಸುತ್ತುತ್ತಾ ಸುತ್ತುತ್ತಾ ಕೋಪ ಬೇರೆ ಕಡೆ ತಿರುಗಿತು. ನಿಮ್ಮ ಕೈ ನಡುಗುತ್ತದೆಂದು ಅವಳು ಹೊರಡುವ ಹಿಂದಿನ ದಿನವೇ ನನಗೆ ಗೊತ್ತಿತ್ತು ಅತ್ತಿಗೆ. ಗೊತ್ತಿದ್ದೂ ಅವಳನ್ನು ಬಸ್ ಹತ್ತಿಸಿದೆ. ನಿಮ್ಮ ಬಾಯಿ ಬಿಡಿಸಲು ನನ್ನ ಮಗಳ ಬಾಯಿಯನ್ನು ಕಳಿಸಿದೆ. ಆ ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಾ ನಿಂತಿದ್ದೆ, ಇಳಿಸಿಕೊಳ್ಳಲಿಲ್ಲ. ನೀವಾದರೂ ಸಿರಿಂಜ್ ಕೆಳಗಿಟ್ಟಿರಿ.

ಇದನ್ನು ಪಟಾಕಿಗೆ ನಾನೇ ಹೇಳಬೇಕು, ಎದುರಿಗೆ ಕೂತು. ಅದಕ್ಕೇ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಸೋಮವಾರ ಡಾಕ್ಟರ ಹತ್ತಿರ ಅಣ್ಣ ಬಂದರೂ ಸರಿ, ಮುಖ ಊದಿಸಿಕೊಂಡು ಮನೆಯಲ್ಲಿ ಕೂತರೂ ಸರಿ, ನಿಮ್ಮ ಜೊತೆ ನಾನಿರುತ್ತೇನೆ. ಮೊದಲು ಅವಳು ನನ್ನನ್ನು ಬೈಯಲಿ. ನನ್ನನ್ನು ಬೈಯಲು ನಿಮ್ಮ ಸರದಿ ಅದಾದ ಮೇಲೆ.

ನಿಮ್ಮ ನಾದಿನಿ